ಟಿನೋಸಿಗೆ ನಾಲ್ಕು ಸೀಟು

"ಇದು ಲೇಬರ್ ಬಸ್ಸಿನ ಟೈಮ್‌ಟೇಬಲ್ ಮಾಡಿದ ಹಾಗೆ ಉಂಟಲ್ಲ ಮಾರಾಯ!"

ನನ್ನ ಅಣ್ಣ ಗೇಬ್ರಿಯಲ್ ಹಾಗೆ ಹೇಳಿದಾಗ ಊಟದ ಮೇಜಿನ ಸುತ್ತ ಕುಳಿತವರೆಲ್ಲ ನಕ್ಕರು. ಅವನ ಹೆಂಡತಿ ಟೀನಾ ನಕ್ಕಳು, ಅವರ ಮಕ್ಕಳಿಬ್ಬರು ನಕ್ಕರು. ನಾನೂ ನಕ್ಕೆ. ಅವರು ನಕ್ಕದ್ದನ್ನು ಮರೆತುಬಿಡಬಹುದು. ನಾನು ನಕ್ಕದ್ದನ್ನು ಮಾತ್ರ ಇನ್ನೂ ಮರೆಯಲಾಗಿಲ್ಲ.

ಅವನ ಕೈಯಲ್ಲಿದ್ದದ್ದು ನಾಲ್ಕು ಪುಟ. ಆಗಸ್ಟ್ ತಿಂಗಳಲ್ಲಿ ಗ್ರೀಸಿನ ದ್ವೀಪಗಳಿಗೆ ಎರಡು ಕುಟುಂಬಗಳ ಎಂಟು ಜನ ಹೋಗುವ ಪ್ರವಾಸದ ಯೋಜನೆ. ಯಾವ ದಿನ ಯಾವ ದ್ವೀಪ, ಬೆಳಗ್ಗೆ ಯಾವ ಹಡಗು, ಸಂಜೆ ಯಾವುದರಲ್ಲಿ ವಾಪಸು, ಅದು ತಪ್ಪಿದರೆ ಯಾವುದು, ಎಲ್ಲ ಅದರಲ್ಲಿತ್ತು. ಆರು ವಾರ ಅದಕ್ಕೆ ಕುಳಿತಿದ್ದೆ. ಮಕ್ಕಳ ಹೋಮ್‌ವರ್ಕ್ ಮುಗಿಸಿ, ಮರುದಿನದ ಟಿಫಿನ್ನಿಗೆ ತರಕಾರಿ ಹೆಚ್ಚಿಟ್ಟು, ಆಮೇಲೆ ಕುಳಿತು ಮಾಡಿದ್ದು.

ಗೇಬ್ರಿಯಲ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದುಬೈಯ ಅಲ್ ಕೂಜ್‌ನ ಒಂದು ಕಂಪನಿಯಲ್ಲಿ ನಾನು ಟ್ರಾನ್ಸ್‌ಪೋರ್ಟ್ ಕೋಆರ್ಡಿನೇಟರ್. ಹದಿನೇಳು ಬಸ್ಸು, ಒಂಬೈನೂರು ಕೆಲಸಗಾರರು. ಕ್ಯಾಂಪಿನಿಂದ ಸೈಟಿಗೆ, ಸೈಟಿನಿಂದ ಕ್ಯಾಂಪಿಗೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೆಲಸ ನಿಲ್ಲಿಸಬೇಕೆಂಬ ನಿಯಮ ಬಂದರೆ ಇಡೀ ಟೈಮ್‌ಟೇಬಲ್ ತಲೆಕೆಳಗಾಗುತ್ತದೆ. ಅದನ್ನು ಮತ್ತೆ ಕಟ್ಟುವವನು ನಾನು. ನಮ್ಮ ಹಿರಿಯ ಡ್ರೈವರ್ ಕುಂಞಾಲಿ ನಾನು ಸೇರಿದ ಮೊದಲ ವಾರವೇ ಹೇಳಿದ್ದ: "ಲಾಸ್ಟ್ ಟ್ರಿಪ್ಪನ್ನು ಲೆಕ್ಕಕ್ಕೇ ಹಿಡೀಬೇಡಿ ಸಾರ್. ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ." ಅಂದಿನಿಂದ ಯಾರನ್ನೂ ಕೊನೆಯ ಗಾಡಿಯ ಭರವಸೆಯ ಮೇಲೆ ಎಲ್ಲಿಗೂ ಕಳಿಸಿಲ್ಲ. ಗ್ರೀಸಿನ ಹಡಗುಗಳಿಗೂ ನಾನು ಮಾಡಿದ್ದು ಅದನ್ನೇ. ಆಗಸ್ಟಿನಲ್ಲಿ ಆ ಸಮುದ್ರದ ಮೇಲೆ ಉತ್ತರದಿಂದ ಗಾಳಿ ಬೀಸುತ್ತದೆ, ನಮ್ಮ ಗಲ್ಫಿನ ಶಮಾಲ್ ಇದ್ದ ಹಾಗೆ. ಗಾಳಿ ಜೋರಾದರೆ ಮೊದಲು ಸಣ್ಣ ಹಡಗು ನಿಲ್ಲುತ್ತದೆ, ಆಮೇಲೆ ದೊಡ್ಡದೂ ನಿಲ್ಲುತ್ತದೆ. ಹಾಗಾಗಿ ಸಂಜೆಯ ಕೊನೆಯ ಹಡಗಿಗೆ ನಾನು ಯಾರ ಹೆಸರನ್ನೂ ಬರೆಯಲಿಲ್ಲ.

ಈ ಪ್ರವಾಸ ಶುರುವಾದದ್ದು ನನ್ನಿಂದಲೂ ಅಲ್ಲ, ಗೇಬ್ರಿಯಲ್‌ನಿಂದಲೂ ಅಲ್ಲ. ನನ್ನ ಹೆಂಡತಿ ವೆರೋನಿಕಾಳಿಂದ.

ಅವಳು ನರ್ಸ್. ಕೊರೋನಾದ ಮೊದಲ ಅಲೆಯಲ್ಲಿ ಆಸ್ಪತ್ರೆಯವರು ಅವಳ ವಾರ್ಡಿನವರನ್ನು ಎರಡೂವರೆ ತಿಂಗಳು ಒಂದು ಹೋಟೆಲಿನಲ್ಲಿ ಇಟ್ಟರು. ನಾನು ಲೇಬರ್ ಕ್ಯಾಂಪುಗಳಿಗೆ ಹೋಗಿ ಬರುತ್ತಿದ್ದವನು, ಮನೆಗೆ ಬಂದು ಬಾಲ್ಕನಿಯಲ್ಲಿ ಮಲಗುತ್ತಿದ್ದೆ. ನಮ್ಮ ಮಗಳು ಜೋಯ್ಲಿನ್‌ಗೆ ಆಗ ಹನ್ನೊಂದು ವರ್ಷ. ಆರು ವರ್ಷದ ತಮ್ಮ ಕೆವಿನ್‌ಗೆ ಅವಳೇ ಅಡುಗೆ ಮಾಡಿ ತಿನ್ನಿಸಿದಳು. ಆ ದಿನಗಳಲ್ಲಿ ವೆರೋನಿಕಾಳ ವಾರ್ಡಿನಲ್ಲಿ ಒಬ್ಬ ಗ್ರೀಕ್ ಮುದುಕನಿದ್ದ, ಹಡಗಿನ ಎಂಜಿನಿಯರ್. ಹುಷಾರಾಗಿ ಆಕ್ಸಿಜನ್ ತೆಗೆದ ದಿನ ಅವನು ಫೋನಿನಲ್ಲಿ ತನ್ನ ದ್ವೀಪದ ಚಿತ್ರ ತೋರಿಸಿದನಂತೆ. ಟಿನೋಸ್ ಎಂದು ಹೆಸರು. ಬಂದರಿನಿಂದ ಗುಡ್ಡದ ಮೇಲಿನ ಮಾತೆ ಮರಿಯಮ್ಮನ ಇಗರ್ಜಿಯವರೆಗೆ ರಸ್ತೆಯ ಬದಿಗೆ ಉದ್ದಕ್ಕೂ ಜಮಖಾನ ಹಾಸಿದೆ. ಆಗಸ್ಟ್ ಹದಿನೈದರಂದು, ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ, ಜನ ಅದರ ಮೇಲೆ ಮೊಣಕಾಲಿನಲ್ಲಿ ಹತ್ತುತ್ತಾರೆ. ವೆರೋನಿಕಾಳ ಅಮ್ಮ ವೇಲಾಂಕಣಿಯ ಮರಳಿನಲ್ಲಿ ಹಾಗೆಯೇ ಮೊಣಕಾಲೂರಿ ನಡೆದಿದ್ದರು, ಇವಳು ಹುಟ್ಟಿದ ವರ್ಷ. ಆ ಚಿತ್ರ ನೋಡುತ್ತ ನಿಂತಲ್ಲೇ ವೆರೋನಿಕಾ ಹರಕೆ ಹೇಳಿಕೊಂಡಳು: ನಾವು ನಾಲ್ಕು ಜನ ಮತ್ತೆ ಒಂದು ಮೇಜಿನಲ್ಲಿ ಕೂತು ಉಂಡರೆ ಆ ರಸ್ತೆಯಲ್ಲಿ ಅದೇ ದಿನ ಹಾಗೆ ಹತ್ತುತ್ತೇನೆ.

ಅದಾದ ಮೇಲೆ ನಾವು ಒಂದು ಮೇಜಿನಲ್ಲಿ ಸಾವಿರ ಸಲ ಉಂಡಿದ್ದೇವೆ. ಹರಕೆ ಹಾಗೆಯೇ ಉಳಿದಿತ್ತು. ಒಂದು ವರ್ಷ ರಜೆ ಸಿಗಲಿಲ್ಲ, ಒಂದು ವರ್ಷ ಪಾಸ್‌ಪೋರ್ಟ್ ರಿನ್ಯೂವಲ್, ಒಂದು ವರ್ಷ ಊರಿನಲ್ಲಿ ಮದುವೆ. ಈ ವರ್ಷ ಆಗಸ್ಟಿನಲ್ಲಿ ಇಬ್ಬರಿಗೂ ಒಟ್ಟಿಗೆ ರಜೆ ಮಂಜೂರಾಯಿತು. ಸಂತೋಷ ತಡೆಯಲಾರದೆ ಗೇಬ್ರಿಯಲ್‌ಗೆ ಹೇಳಿದೆ. ತಪ್ಪು ಮಾಡಿದ್ದು ಅಲ್ಲಿ.

"ಗ್ರೀಸಾ? ಯಲ್ಲಾ, ನಡಿ, ನಾವೂ ಬರ್ತೇವೆ!" ಎಂದ. ಸಂಜೆಯೊಳಗೆ ವಾಟ್ಸಾಪಿನಲ್ಲಿ 'ಯಲ್ಲಾ ಗ್ರೀಸ್' ಎಂಬ ಗ್ರೂಪ್ ಆಯಿತು. ಪ್ಲಾನ್ ಮಾಡುವುದು ನನ್ನ ಕೆಲಸ. ಮಾಡಿದ್ದನ್ನು ನೋಡಿ ಮುಖ ಹುಳಿ ಮಾಡುವುದು ಉಳಿದವರ ಕೆಲಸ. ನಾನು ಸೀರೋಸ್ ಎಂಬ ದ್ವೀಪದಲ್ಲಿ ನೆಲೆ ನಿಲ್ಲುವುದೆಂದು ಹಾಕಿದೆ. ಒಂದೇ ಕಡೆ ಪೆಟ್ಟಿಗೆ ಬಿಚ್ಚಿ, ಅಲ್ಲಿಂದ ಬೆಳಗ್ಗೆ ಹೋಗಿ ಸಂಜೆ ಬರುವುದು. ಒಂದು ದಿನ ಮೈಕೊನೋಸ್, ಒಂದು ದಿನ ಪಾರೋಸ್, ಹದಿನೈದರಂದು ಟಿನೋಸ್, ಹಡಗಿನಲ್ಲಿ ಒಂದು ಗಂಟೆಯೂ ಬೇಡ. ನಡುವೆ ಒಂದು ದಿನ ಖಾಲಿ, ಗಾಳಿ ಬಂದರೆ ಇರಲಿ ಎಂದು. ಕೊನೆಯ ಎರಡು ರಾತ್ರಿ ಸ್ಯಾಂಟೊರಿನಿ, ಟೀನಾಳ ಫೋಟೋಗಳಿಗಾಗಿ.

"ಸೀರೋಸ್ ಹೆಸರೇ ಯಾರೂ ಕೇಳಿಲ್ಲ," ಎಂದಳು ಟೀನಾ. "ಅಲ್ಲಿ ಕ್ಯಾಥೊಲಿಕರು ತುಂಬ ಜನ ಇದ್ದಾರೆ," ಎಂದು ಬರೆದೆ. "ಕ್ಯಾಥೊಲಿಕರನ್ನು ನೋಡ್ಲಿಕ್ಕೆ ಅಷ್ಟು ದೂರ ಯಾಕೆ, ಕನ್ನಡಿ ಉಂಟಲ್ಲ," ಎಂದು ಗೇಬ್ರಿಯಲ್ ಬರೆದ. ಹತ್ತು ನಗುವ ಮುಖಗಳು.

ಎರಡು ವಾರದ ಹಿಂದೆ ಅದೇ ಗ್ರೂಪಿನಲ್ಲಿ ಒಂದು ಹೋಟೆಲಿನ ಚಿತ್ರ ಬಂತು. ಸ್ಯಾಂಟೊರಿನಿ. ಬಂಡೆಯ ಅಂಚಿನಲ್ಲಿ ಬಿಳಿ ಗೋಡೆ, ನೀಲಿ ಈಜುಕೊಳ. ಕೆಳಗೆ ಗೇಬ್ರಿಯಲ್‌ನ ಮಾತು: "ಬುಕ್ ಮಾಡಿ ಆಯ್ತು. ಎಂಟು ರಾತ್ರಿಯೂ ಇಲ್ಲೇ. ನಮಗೆರಡು ರೂಮು, ನಿಮಗೆರಡು. ಹೋಟೆಲ್ ನನ್ನ ಕಡೆಯಿಂದ ಗಿಫ್ಟ್. ಇಲ್ಲಿಂದಲೇ ಡೇ ಟ್ರಿಪ್ ಮಾಡುವ."

ನಾನು ಫೋನ್ ಮಾಡಿದೆ. "ಅಣ್ಣ, ಸ್ಯಾಂಟೊರಿನಿ ಕೆಳಗೆ ದಕ್ಷಿಣದಲ್ಲಿ ಉಂಟು. ಅಲ್ಲಿಂದ ಟಿನೋಸಿಗೆ ಹೋಗಿ ಅದೇ ದಿನ ವಾಪಸು ಬರ್ಲಿಕ್ಕಾಗುವುದಿಲ್ಲ."

"ಹಾಗಾದ್ರೆ ಟಿನೋಸ್ ಬಿಡು. ಸ್ಯಾಂಟೊರಿನಿಯಲ್ಲಿ ಇಗರ್ಜಿ ಇಲ್ವಾ? ಚಿತ್ರದಲ್ಲಿ ಎಲ್ಲಿ ನೋಡಿದ್ರೂ ಇಗರ್ಜಿಯೇ ಕಾಣ್ತದೆ."

"ವೆರೋನಿಕಾ..."

"ವೆರೋನಿಕಾನಿಗೆ ಆ ಈಜುಕೊಳ ತೋರಿಸು, ಮಾತಾಡ್ಲಿಕ್ಕಿಲ್ಲ."

ನಾನು ಏನೆಂದೆ ಗೊತ್ತೇ? "ಸರಿ ಅಣ್ಣ," ಎಂದೆ.

ಹದಿನೆಂಟು ವರ್ಷದಿಂದ ನನ್ನ ಬಾಯಲ್ಲಿ ಇರುವ ಮಾತು ಅದು. 'ಸರಿ ಅಣ್ಣ' ಎಂದು ಮೊದಲ ಬಾಡಿಗೆ ಮನೆಯನ್ನು ಅವನು ಹೇಳಿದ ಕಟ್ಟಡದಲ್ಲಿ ಮಾಡಿದೆ. 'ಸರಿ ಅಣ್ಣ' ಎಂದು ಊರಿನ ಜಾಗದ ಪಾಲನ್ನು ಅವನು ಹೇಳಿದ ಹಾಗೆ ಬರೆದುಕೊಟ್ಟೆ. ಏಕೆಂದರೆ ನನಗೆ ಇಲ್ಲಿಯ ಮೊದಲ ವೀಸಾ ತೆಗೆಸಿಕೊಟ್ಟವನು ಅವನು. ಗಲ್ಫಿನಲ್ಲಿರುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ವೀಸಾ ಕೊಟ್ಟವನಿಗೆ ನಾವು ಎದುರು ಮಾತಾಡುವುದಿಲ್ಲ. ಅವನು ಅದನ್ನು ಬಾಯಿಬಿಟ್ಟು ನೆನಪಿಸುವುದೂ ಇಲ್ಲ. ಅವನು ಹೇಳಬಾರದು, ನಾವು ಮರೆಯಬಾರದು. ಅಷ್ಟರ ಮೇಲೆ ಎಷ್ಟೋ ಕುಟುಂಬಗಳು ನಿಂತಿವೆ.

ಆ ದಿನ ಫೋನ್ ಇಟ್ಟಾಗ ವೆರೋನಿಕಾ ಅಲ್ಲೇ ಬಟ್ಟೆ ಮಡಚುತ್ತಿದ್ದಳು. "ನೋಡುವ, ಏನಾದ್ರೂ ದಾರಿ ಮಾಡ್ತೇನೆ," ಎಂದೆ. ಅವಳು ತಲೆ ಎತ್ತದೆ ಕೆವಿನ್‌ನ ಶರ್ಟಿನ ತೋಳನ್ನು ಒಳಗೆ ಸೇರಿಸಿದಳು.

ದಾರಿ ಮಾಡಿದೆ. ಇಡೀ ಯೋಜನೆಯನ್ನು ಸ್ಯಾಂಟೊರಿನಿಯಿಂದ ಮತ್ತೆ ಕಟ್ಟಿದೆ. ಹದಿನಾಲ್ಕರ ಬೆಳಗ್ಗೆ ಹೊರಟು ಟಿನೋಸ್, ಹದಿನಾರಕ್ಕೆ ವಾಪಸು. ನಡುವೆ ಉಳಿದವರಿಗೆ ಬೇರೆ ದ್ವೀಪ. ಎರಡು ಗುಂಪು, ನಾಲ್ಕು ಪುಟ. ಅದನ್ನು ಆಫೀಸಿನಲ್ಲಿ ಪ್ರಿಂಟ್ ತೆಗೆದು, ಆ ಭಾನುವಾರ ಪೂಜೆ ಮುಗಿಸಿ, ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಮನೆಯಿಂದ ಒಂದೂವರೆ ಗಂಟೆ ಕಾರು ಓಡಿಸಿ ಅಬುಧಾಬಿಯಲ್ಲಿರುವ ಅವನ ಮನೆಗೆ ಊಟಕ್ಕೆ ಹೋದದ್ದು. ಬುಧವಾರ ವೀಸಾ ಕೇಂದ್ರದಲ್ಲಿ ನಮ್ಮೆಲ್ಲರ ಅಪಾಯಿಂಟ್‌ಮೆಂಟ್ ಇತ್ತು. ಅದಕ್ಕೆ ಮೊದಲು ಎಲ್ಲ ತೀರ್ಮಾನವಾಗಬೇಕಿತ್ತು.

ಅವನು ಪುಟ ತಿರುಗಿಸಿ ಲೇಬರ್ ಬಸ್ಸಿನ ಮಾತು ಹೇಳಿದ್ದು, ನಾವು ನಕ್ಕದ್ದು, ಆಗ.

"ಎರಡು ದಿನ ಅದಕ್ಕೇ ಹೋಗ್ತದಲ್ಲ?" ಎಂದಳು ಟೀನಾ, ಕೋಳಿ ಸಾರು ಬಡಿಸುತ್ತ. "ಮಕ್ಕಳಿಗೆ ಬೋರ್ ಆಗ್ತದೆ ಪಾಪ."

"ಐ ವೋಂಟ್ ಬಿ ಬೋರ್ಡ್, ಆಂಟಿ," ಎಂದ ಕೆವಿನ್.

"ನೀನು ತಿನ್ನು."

"ಕ್ಯಾಮಿ," ಎಂದ ಗೇಬ್ರಿಯಲ್, ನನ್ನ ಹೆಸರನ್ನು ಚಿಕ್ಕಂದಿನ ಹಾಗೆ ಕರೆಯುತ್ತ, "ನೀನು ಬಹಳ ತಲೆ ಕೆಡಿಸ್ಕೊಳ್ತಿ. ಗಾಳಿಯಂತೆ, ಎರಡನೇ ಹಡಗಂತೆ, ಖಾಲಿ ದಿನವಂತೆ. ಫೆರ್ರಿ ಅಂದ್ರೆ ಎಂತ? ಬರ್ ದುಬೈಯ ಅಬ್ರಾ ದೋಣಿ ಇದ್ದ ಹಾಗೆ. ಹೋಗಿ ಕೂತ್ಕೊಳ್ಳುವುದು, ತುಂಬಿದ ಕೂಡ್ಲೆ ಬಿಡ್ತಾರೆ."

"ಅದು ಕ್ರೀಕ್ ಅಣ್ಣ. ಐದು ನಿಮಿಷದ ದಾರಿ. ಇದು ಸಮುದ್ರ. ಹದಿನೈದಕ್ಕೆ ಇಡೀ ಗ್ರೀಸಿನವರು ಅಲ್ಲಿಗೇ ಹೋಗುವುದು. ಟಿಕೆಟ್ ಈಗಲೇ ತೆಗೆಯದಿದ್ರೆ ಸಿಕ್ಕುವುದಿಲ್ಲ."

"ಅಬುಧಾಬಿಯೇ ಒಂದು ದ್ವೀಪ ಮಾರಾಯ. ಇಪ್ಪತ್ತೈದು ವರ್ಷದಿಂದ ದ್ವೀಪದಲ್ಲಿ ಇರುವವನಿಗೆ ನೀನು ದ್ವೀಪದ ಬಗ್ಗೆ ಕಲಿಸ್ತೀಯಾ?"

ಮತ್ತೆ ನಗು. ಅವನ ದ್ವೀಪಕ್ಕೆ ಎಂಟು ಲೇನಿನ ಸೇತುವೆ ಇದೆ ಎಂದು ಹೇಳಬೇಕಿತ್ತು.

"ವೆರೋನಿಕಾ, ನೀನೇ ಹೇಳು," ಎಂದ ಅವನು. "ಮಾತೆ ಮರಿಯಮ್ಮ ಟಿನೋಸಿನಲ್ಲಿ ಮಾತ್ರ ಇರುವುದಾ?"

"ಎಲ್ಲ ಕಡೆ ಇದ್ದಾಳೆ ಭಾವ," ಎಂದಳು ವೆರೋನಿಕಾ.

"ನೋಡು! ಅವಳೇ ಹೇಳಿದ್ಲು. ಖಲಾಸ್."

ಅಷ್ಟರಲ್ಲಿ ಟೀನಾ ಅಡುಗೆಮನೆಯಿಂದ ಬಿಸಿ ಅನ್ನದ ಪಾತ್ರೆ ಹಿಡಿದು ಬಂದಳು. "ಎಲ್ಲಿ ಇಡುವುದು, ಗ್ಲಾಸ್ ಟೇಬಲ್, ಕೆಳಗೆ ಹಾಕ್ಲಿಕ್ಕೆ ಏನಾದ್ರೂ ಕೊಡಿ," ಎಂದಳು. ಗೇಬ್ರಿಯಲ್ ನನ್ನ ನಾಲ್ಕು ಪುಟವನ್ನು ಎರಡು ಮಡಿಕೆ ಮಾಡಿ ಮೇಜಿನ ಮೇಲೆ ಹಾಕಿದ. "ಇಗೋ, ಇದರ ಮೇಲಿಡು. ಒಂದು ಉಪಯೋಗಕ್ಕಾದ್ರೂ ಬಂತು."

ಪಾತ್ರೆ ಅದರ ಮೇಲೆ ಕೂತಿತು. ಕಾಗದ ಒದ್ದೆಯಾಗಿ ಬೆಂದು ಬಣ್ಣ ಬದಲಾಯಿತು.

ನಾನು ಮೇಜಿಗೆ ಬಡಿದದ್ದು ನನಗೇ ತಿಳಿಯಲಿಲ್ಲ. ಲೋಟವೊಂದು ಉರುಳಿತು.

"ಲೇಬರ್ ಬಸ್ಸು ಅಂದ್ರೆ ನಗುವಂಥದ್ದು ಎಂತ ಉಂಟು?" ಎಂದು ಕೇಳಿದೆ. "ಹೇಳು. ಆ ಒಂಬೈನೂರು ಜನರನ್ನು ಒಂದು ದಿನ, ಒಂದೇ ದಿನ, ನೀನು ಮನೆ ಮುಟ್ಟಿಸು ನೋಡುವ. ನಿನ್ನ ಆಫೀಸಿನ ಟವರು ಕಟ್ಟಿದವರು ಅದೇ ಬಸ್ಸಿನಲ್ಲಿ ಬಂದವರು. ಅವರಿಗೆ ಮಾಡುವಷ್ಟು ಕಾಳಜಿಯಿಂದ ನಿನಗೆ ಮಾಡಿದೆ. ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅದರ ಮೇಲೆ ಅನ್ನದ ಪಾತ್ರೆ ಇಡ್ತೀಯಾ?"

"ಕೂತ್ಕೋ ಕ್ಯಾಮಿ. ಮಕ್ಕಳಿದ್ದಾರೆ."

"ಇರಲಿ. ಕೇಳಲಿ."

"ದನಿ ತಗ್ಗಿಸು," ಎಂದ ಅವನು. ಅವನ ಮುಖದ ನಗು ಹೋಗಿತ್ತು. "ಯಾರ ಮನೆಯಲ್ಲಿ ಮಾತಾಡ್ತಿದ್ದಿ? ನಿನ್ನನ್ನು ಇಲ್ಲಿಗೆ ತಂದದ್ದು ಯಾರು? ನೆನಪುಂಟಾ?"

ಟೀನಾ "ಗೇಬಿ!" ಎಂದಳು. ಅವಳಿಗೂ ಗೊತ್ತಿತ್ತು, ಹೇಳಬಾರದ ಮಾತು ಅದು. ಹದಿನೆಂಟು ವರ್ಷ ಯಾರೂ ಆಡದೆ ಇಟ್ಟದ್ದನ್ನು ಅವನು ಅನ್ನದ ಪಾತ್ರೆಯ ಪಕ್ಕದಲ್ಲಿ ಇಟ್ಟುಬಿಟ್ಟ.

"ನೆನಪುಂಟು," ಎಂದೆ. "ಇನ್ನು ನೆನಪಿಟ್ಕೊಳ್ಳುವುದಿಲ್ಲ."

ನಾವು ಊಟ ಮುಗಿಸದೆ ಎದ್ದೆವು.

ಹೆದ್ದಾರಿಗೆ ಬಂದ ಮೇಲೂ ನನ್ನ ಬಾಯಿ ನಿಲ್ಲಲಿಲ್ಲ. ಎಷ್ಟು ಸೊಕ್ಕು, ಎಷ್ಟು ದೊಡ್ಡಸ್ತಿಕೆ, ಗಿಫ್ಟ್ ಅಂತೆ ಗಿಫ್ಟ್. ಲೇಬರ್ ಬಸ್ಸಂತೆ. ವೆರೋನಿಕಾ ಕಿಟಕಿಯ ಕಡೆ ನೋಡುತ್ತಿದ್ದಳು. ಸಾಮಾನ್ಯವಾಗಿ ನಾನು ಕೂಗಾಡಿದರೆ "ಗಾಡಿ ನೋಡಿ ಓಡಿಸು" ಎನ್ನುವವಳು ಅಂದು ಅದನ್ನೂ ಹೇಳಲಿಲ್ಲ. ದುಬೈಯ ಗಡಿ ದಾಟುವಾಗ ನಾನೇ ಕೇಳಿದೆ: "ನೀನು ಯಾಕೆ ಎಲ್ಲ ಕಡೆ ಇದ್ದಾಳೆ ಅಂದೆ? ಆಗಲೇ ಒಂದು ಮಾತು ಹೇಳಬಹುದಿತ್ತಲ್ಲ?"

ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು.

"ನಾನು ಹೇಳಬೇಕಿತ್ತಾ? ಎರಡು ವಾರದ ಹಿಂದೆ ನನ್ನ ಹದಿನೈದನ್ನು ತೆಗೆದಾಗ ನೀನು ಎಂತ ಹೇಳಿದ್ದಿ?"

ನಾನು ಲೇನ್ ಬದಲಾಯಿಸಿದೆ.

"ಸರಿ ಅಣ್ಣ ಅಂದಿ. ನನಗೆ ಕೇಳಿಸ್ತಾ ಇತ್ತು, ನಾನು ಅದೇ ರೂಮಿನಲ್ಲಿದ್ದೆ. ನನ್ನ ಹರಕೆ ಬಿಡು ಅಂದಾಗ ಸರಿ ಅಣ್ಣ. ನಿನ್ನ ಬಸ್ಸಿನ ಬಗ್ಗೆ ಅಂದಾಗ ಮೇಜಿಗೆ ಬಡಿದಿ."

"ಹಾಗಲ್ಲ ವೆರೋನಿಕಾ..."

"ಹಾಗೇ. ಅಲ್ಲಿ ಬಡಿದದ್ದು ನನಗೋಸ್ಕರ ಅಂತ ಹೇಳಬೇಡ ಮತ್ತೆ. ನಾನು ಐದು ವರ್ಷ ಕಾದವಳು. ಒಬ್ಬರ ಮನೆಯಲ್ಲಿ ಅನ್ನ ತಿನ್ನುವಾಗ ನಿನ್ನ ಅಣ್ಣನ ಹತ್ತಿರ ನನ್ನ ಹರಕೆಗೆ ವಕಾಲತ್ತು ಮಾಡ್ಲಿಕ್ಕೆ ನನಗೆ ಮನಸ್ಸಿಲ್ಲ. ಅದು ನಿನ್ನ ಕೆಲಸ ಆಗಿತ್ತು."

ಹಿಂದಿನ ಸೀಟಿನಿಂದ ಜೋಯ್ಲಿನ್ ಕಿವಿಯ ಇಯರ್‌ಫೋನ್ ತೆಗೆದು, "ಶಿ ಈಸ್ ರೈಟ್, ಡ್ಯಾಡಾ," ಎಂದಳು.

"ನೀನು ಸುಮ್ಮನಿರು!" ಎಂದು ಕಿರುಚಿದೆ. ಅವಳು ಇಯರ್‌ಫೋನ್ ಮತ್ತೆ ಹಾಕಿಕೊಂಡಳು. ಅವಳ ಮೇಲೆ ಕಿರುಚಿದ್ದಕ್ಕೆ ನನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು. ಅಣ್ಣನ ಮೇಲಿನ ಸಿಟ್ಟು ನನಗೆ ಹೇಗೋ ಹಿತವಾಗಿತ್ತು, ಅದನ್ನು ಜಗಿಯುತ್ತ ಮನೆವರೆಗೆ ಹೋಗಬಹುದಿತ್ತು. ಈ ಸಿಟ್ಟಿನಲ್ಲಿ ಹಾಗೆ ಜಗಿಯಲು ಏನೂ ಇರಲಿಲ್ಲ.

ಸೋಮವಾರ ಆಫೀಸಿನಲ್ಲಿ, ಬೆಳಗಿನ ಬಸ್ಸುಗಳೆಲ್ಲ ಹೊರಟ ಮೇಲೆ, ನನ್ನ ಮೊದಲಿನ ಯೋಜನೆಗೇ ಹಿಂತಿರುಗಿ ನಾವು ನಾಲ್ಕೇ ಜನಕ್ಕೆ ಹಡಗಿನ ಟಿಕೆಟ್ ನೋಡಿದೆ. ಸೀರೋಸಿನಿಂದ ಟಿನೋಸಿಗೆ, ಆಗಸ್ಟ್ ಹದಿನೈದು, ಬೆಳಗ್ಗೆ. ಇಲ್ಲ. ಅದರ ನಂತರದ್ದು. ಇಲ್ಲ. ಮೈಕೊನೋಸಿನ ಕಡೆಯಿಂದ ಸುತ್ತಿ ಬಂದರೆ? ಇಲ್ಲ. ಅದೇ ಹಡಗಿನಲ್ಲಿ ಎರಡು ವಾರದ ಹಿಂದೆ, ಗೇಬ್ರಿಯಲ್‌ನ ಈಜುಕೊಳದ ಚಿತ್ರ ಬಂದ ದಿನ, ಎಂಟು ಜನಕ್ಕೂ ಜಾಗ ಇತ್ತು. ನಾನೇ ನೋಡಿದ್ದೆ. ಬುಕ್ ಮಾಡಲು ಹೊರಟವನು ಫೋನಿನಲ್ಲಿ ಸರಿ ಅಣ್ಣ ಎಂದು ಕಂಪ್ಯೂಟರ್ ಮುಚ್ಚಿದ್ದೆ. ಯಾರನ್ನು ಬೈಯಲಿ?

ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು. ಹದಿನಾಲ್ಕರ ಸಂಜೆ ಸೀರೋಸಿನಿಂದ ಹೋಗುವ ದೊಡ್ಡ ಹಡಗಿನಲ್ಲಿ ಆರು ಸೀಟು ಉಳಿದಿತ್ತು, ಅದೂ ಮೇಲೆ ಬಯಲಿನಲ್ಲಿ. ವಾಪಸು ಹದಿನಾರರ ಬೆಳಗ್ಗೆ. ಅಂದರೆ ಟಿನೋಸಿನಲ್ಲಿ ಎರಡು ರಾತ್ರಿ ಇರಬೇಕು. ರೂಮು ನೋಡಿದೆ. ಇಡೀ ದ್ವೀಪದಲ್ಲಿ ಒಂದು ಮಂಚ ಖಾಲಿ ಇರಲಿಲ್ಲ.

ವೆರೋನಿಕಾಳ ಊಟದ ವೇಳೆಗೆ ಫೋನ್ ಮಾಡಿದೆ. "ಸೀಟು ಉಂಟು. ಮಲಗ್ಲಿಕ್ಕೆ ಜಾಗ ಇಲ್ಲ. ಎರಡು ರಾತ್ರಿ. ತಪ್ಪು ನನ್ನದು."

ಆಚೆ ಕ್ಯಾಂಟೀನಿನ ಪಾತ್ರೆಗಳ ಸದ್ದು. ಅವಳು ಏನನ್ನೋ ನುಂಗಿ ಕೇಳಿದಳು: "ಇಗರ್ಜಿಗೆ ಅಂಗಳ ಉಂಟಲ್ಲ?"

"ಅಂಗಳದಲ್ಲಿ ಎಂತ?"

"ಆ ಎಂಜಿನಿಯರ್ ಹೇಳಿದ್ರು, ಆ ದಿನ ಜನ ಅಲ್ಲೇ ಮಲಗ್ತಾರಂತೆ. ಅಂಗಳದಲ್ಲಿ, ಮೆಟ್ಟಿಲಲ್ಲಿ, ರಸ್ತೆ ಬದಿಯಲ್ಲಿ. ಚಾಪೆ ತಗೊಂಡು ಬರ್ತಾರಂತೆ."

"ಮಕ್ಕಳು?"

"ಮಕ್ಕಳನ್ನು ಕೇಳು. ನನ್ನದನ್ನು ಮಾತ್ರ ನೀನು ಬುಕ್ ಮಾಡು. ಈಗಲೇ ಮಾಡು. ಸಂಜೆ ಮಾತಾಡುವ, ನೋಡುವ, ಅದೆಲ್ಲ ಬೇಡ. ನಾನು ಲೈನಿನಲ್ಲಿ ಇರ್ತೇನೆ."

ಅವಳು ಲೈನಿನಲ್ಲಿ ಇದ್ದಳು. ನಾನು ನಾಲ್ಕು ಹೆಸರು ಹಾಕಿದೆ, ನಾಲ್ಕು ಪಾಸ್‌ಪೋರ್ಟ್ ನಂಬರು ಹಾಕಿದೆ. ಟಿಕೆಟ್ ಬಂತು ಎಂದಾಗ "ಹ್ಞೂಂ" ಎಂದು ಫೋನ್ ಇಟ್ಟಳು. ಅದೇ ಕುರ್ಚಿಯಲ್ಲಿ ಕುಳಿತು ಸೀರೋಸಿನಲ್ಲಿ ಎಂಟು ರಾತ್ರಿಗೆ ಎರಡು ಸಣ್ಣ ರೂಮನ್ನೂ ತೆಗೆದೆ. ಎರಡು ರಾತ್ರಿ ಅದು ಖಾಲಿ ಬೀಳುತ್ತದೆ, ಬೀಳಲಿ. ವೀಸಾದವರಿಗೆ ಪ್ರತಿ ರಾತ್ರಿಗೂ ಒಂದು ವಿಳಾಸ ಬೇಕು.

"ವಿ ಆರ್ ಸ್ಲೀಪಿಂಗ್ ಆನ್ ದ ರೋಡ್? ಲಿಟರಲಿ?" ಎಂದ ಕೆವಿನ್ ಸಂಜೆ. ಅವನಿಗೆ ಇಡೀ ಪ್ರವಾಸದಲ್ಲಿ ಇಷ್ಟವಾದದ್ದು ಅದೊಂದೇ. ಜೋಯ್ಲಿನ್ ನನ್ನ ಕಡೆ ನೋಡಲಿಲ್ಲ, ಅಮ್ಮನನ್ನು "ಕ್ಯಾನ್ ಐ ಹೋಲ್ಡ್ ಯುವರ್ ಬ್ಯಾಗ್ ವೆನ್ ಯು ಡೂ ಇಟ್?" ಎಂದು ಕೇಳಿದಳು.

ವೀಸಾದ ಫೈಲುಗಳನ್ನು ಗೇಬ್ರಿಯಲ್‌ನ ಆಫೀಸಿನವರೊಬ್ಬರು ಎಂಟು ಜನಕ್ಕೂ ಒಟ್ಟಿಗೆ ಮಾಡಿ, ನಮ್ಮ ನಾಲ್ಕನ್ನು ಮೊದಲೇ ಕಳಿಸಿಕೊಟ್ಟಿದ್ದರು. ಅರ್ಜಿ ತುಂಬಿಸಿ, ಹೋಟೆಲಿನ ಪತ್ರ ಲಗತ್ತಿಸಿ, ಎಲ್ಲದರಲ್ಲೂ ಸ್ಯಾಂಟೊರಿನಿ. ಅವನ ಕುಟುಂಬದ್ದು ಅಬುಧಾಬಿಯ ಕೇಂದ್ರದಲ್ಲಿ, ನಮ್ಮದು ದುಬೈಯಲ್ಲಿ, ಒಂದೇ ದಿನ. ಬುಧವಾರ ಬೆಳಗ್ಗೆ ಆ ಕೇಂದ್ರದ ಕುರ್ಚಿಯಲ್ಲಿ ಕುಳಿತು ನಾನು ಅವನ ಹೋಟೆಲಿನ ಪತ್ರಗಳನ್ನು ಒಂದೊಂದಾಗಿ ತೆಗೆದು ಸೀರೋಸಿನದ್ದನ್ನು ಹಾಕಿದೆ. ಹೊಸ ಅರ್ಜಿಗಳನ್ನು ನಾವೇ ತುಂಬಿಸಿದೆವು. ವೆರೋನಿಕಾ ತನ್ನದನ್ನು ನನ್ನ ಕೈಗೆ ಕೊಡಲಿಲ್ಲ. 'ಪ್ರಯಾಣದ ಉದ್ದೇಶ' ಎಂಬಲ್ಲಿ ಅವಳು ಟೂರಿಸಂ ಬಿಟ್ಟು 'ಇತರೆ'ಗೆ ಗುರುತು ಹಾಕಿದ್ದನ್ನು ಕೌಂಟರಿನಲ್ಲೇ ನಾನು ನೋಡಿದ್ದು.

"ಎಂತ ಮಾಡಿದ್ದಿ?" ಎಂದು ಪಿಸುಗುಟ್ಟಿದೆ. "ಟೂರಿಸಂ ಅಂತ ಹಾಕಿದ್ರೆ ಕೇಳುವವರಿಲ್ಲ. ಇತರೆ ಅಂದ್ರೆ ನೂರು ಪ್ರಶ್ನೆ ಬರ್ತದೆ. ರಿಜೆಕ್ಟ್ ಆದ್ರೆ?"

"ಬರಲಿ. ಉತ್ತರ ಉಂಟು ನನ್ನ ಹತ್ತಿರ."

ಕೌಂಟರಿನ ಆಚೆ ಇದ್ದ ಹುಡುಗಿಯ ಎದೆಯ ಪಟ್ಟಿಯಲ್ಲಿ ಮುನೀರಾ ಎಂದಿತ್ತು. ಅವಳು ಅರ್ಜಿ ನೋಡಿ ಇಂಗ್ಲಿಷಿನಲ್ಲಿ, "ಅದರ್ ಅಂದರೆ ಏನು ಮೇಡಂ?" ಎಂದಳು.

ವೆರೋನಿಕಾ ಇಂಗ್ಲಿಷಿನಲ್ಲಿ ಹೇಳಲು ಹೋದಳು, ಹಿಂದಿಗೆ ಬಂದಳು, ಕೊನೆಗೆ ಎದುರಿನವಳ ಮಾತಿನ ಧಾಟಿ ಗುರುತಿಸಿ, "ನೀವು ಕಾಸರಗೋಡಿನವರಾ?" ಎಂದು ಕನ್ನಡದಲ್ಲೇ ಕೇಳಿದಳು.

"ಮಂಜೇಶ್ವರ," ಎಂದಳು ಮುನೀರಾ, ಸುತ್ತ ಒಮ್ಮೆ ನೋಡಿ. "ಹೇಳಿ ಅಕ್ಕ, ಎಂತ ವಿಷಯ?"

"ಹರಕೆ ಉಂಟು. ಆಗಸ್ಟ್ ಹದಿನೈದಕ್ಕೆ ಅಲ್ಲಿಯ ಇಗರ್ಜಿಗೆ ಮೊಣಕಾಲಿನಲ್ಲಿ ಹತ್ತಬೇಕು."

"ಓ, ನೇರ್ಚೆ!" ಎಂದಳು ಮುನೀರಾ. ಅವಳಿಗೆ ಇನ್ನೇನೂ ವಿವರಿಸಬೇಕಾಗಲಿಲ್ಲ. "ನಮ್ಮ ಉಮ್ಮನಿಗೂ ಉಂಟು ಒಂದು, ಹೋಗ್ಲಿಕ್ಕೇ ಆಗ್ಲಿಲ್ಲ ಇನ್ನೂ. ಇತರೆ ಅಂತಲೇ ಇರಲಿ ಅಕ್ಕ, ತೊಂದರೆ ಇಲ್ಲ. ಆದ್ರೆ ಒಂದು ಪತ್ರ ಬೇಕು. ಹೀಗೆ ಹೀಗೆ, ಇಂಥ ದಿನ, ಇಂಥ ಇಗರ್ಜಿ ಅಂತ. ಈಗಲೇ ಬರೀರಿ, ಕೈಬರಹ ಸಾಕು. ಸಾರ್ ಬರೀತಾರಾ?"

"ಬೇಡ," ಎಂದಳು ವೆರೋನಿಕಾ. "ನಾನೇ ಬರೀತೇನೆ."

ಅವಳು ಕೌಂಟರಿಗೆ ಬಗ್ಗಿ ಬರೆದಳು. ವಾರ್ಡಿನ ಚಾರ್ಟು ತುಂಬಿಸುವ ಹಾಗೆ ಸಣ್ಣ, ನೆಟ್ಟಗಿನ ಅಕ್ಷರ. ಮುಗಿಸಿ ಸಹಿ ಹಾಕಿದಳು. ನನಗೆ ಓದಲು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬೆರಳಚ್ಚು ಕೊಟ್ಟು ಹೊರಗೆ ಬಂದು ಕುಳಿತಿದ್ದಾಗ ಗೇಬ್ರಿಯಲ್‌ನ ಫೋನ್ ಬಂತು. ಭಾನುವಾರದಿಂದ ಮೊದಲ ಸಲ.

"ಎಂತ, ಕೋಪ ಇಳಿಯಿತಾ?"

"ಇಲ್ಲ."

"ಬಿಡು ಮಾರಾಯ. ಬಾಯಿ ತಪ್ಪಿ ಏನೋ ಬಂತು. ಟೀನಾ ಈ ಶನಿವಾರ ಬರ್ಲಿಕ್ಕೆ ಹೇಳ್ತಿದ್ದಾಳೆ. ಫೈಲ್ ಕೊಟ್ಟಾಯ್ತಾ?"

"ಕೊಟ್ಟಾಯ್ತು. ಸ್ಯಾಂಟೊರಿನಿಗೆ 'ಸರಿ' ಅಂದದ್ದು ನನ್ನ ತಪ್ಪು. ನಾವು ಬರುವುದಿಲ್ಲ. ಪೇಪರ್ ಬೇರೆ ಹಾಕಿದ್ದೇವೆ."

"ನನ್ನನ್ನು ಕೇಳದೆ?"

"ಕೇಳಬೇಕಾದವಳನ್ನು ಕೇಳಿದೆ."

"ನಿಮಗೆ ಅಂತ ತೆಗೆದ ಎರಡು ರೂಮು ಎಂತ ಮಾಡ್ಲಿ ನಾನು? ವಾಪಸು ತಗೊಳ್ಳುವುದಿಲ್ಲ ಅವರು."

"ಖಾಲಿ ಇರಲಿ."

"ಇಷ್ಟೆಲ್ಲ ಮಾಡಿದವನಿಗೆ ಇದಾ, ಕ್ಯಾಮಿ?"

ಇನ್ನೂ ಏನೇನೋ ಬಾಯಿಗೆ ಬಂದಿತ್ತು, ಜಾಗದ ವಿಷಯ, ಬಾಡಿಗೆ ಮನೆಯ ವಿಷಯ, ಹದಿನೆಂಟು ವರ್ಷದ್ದೆಲ್ಲ. ಅಷ್ಟರಲ್ಲಿ ವೆರೋನಿಕಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಭಾವ," ಎಂದಳು. "ಹದಿನಾಲ್ಕರ ಸಂಜೆಯ ಹಡಗಿನಲ್ಲಿ ಇನ್ನೂ ಎರಡು ಸೀಟು ಇತ್ತು. ನೀವೂ ಟೀನಾನೂ ಬರುವುದಾದ್ರೆ ಬೇಗ ತಗೊಳ್ಳಿ. ಚಾಪೆ ನೀವೇ ತರಬೇಕು."

ಅವನ ಉತ್ತರಕ್ಕೆ ಕಾಯದೆ ಅವಳು ಫೋನ್ ಕಟ್ ಮಾಡಿ ನನ್ನ ಕೈಗಿಟ್ಟಳು. ಎರಡು ಗಂಟೆಗೆ ಅವಳಿಗೆ ಡ್ಯೂಟಿ ಇತ್ತು. ಎದ್ದು ಪಾರ್ಕಿಂಗಿನ ಕಡೆ ನಡೆದಳು. ಅವಳು ಅದನ್ನು ಮನಸ್ಸಿನಿಂದ ಹೇಳಿದಳೋ ಚುಚ್ಚಲು ಹೇಳಿದಳೋ ನನಗೆ ತಿಳಿಯಲಿಲ್ಲ. ನನಗಂತೂ ಅವನು ಬರುವುದು ಬೇಡವಾಗಿತ್ತು. ಕಾರು ಸ್ಟಾರ್ಟ್ ಮಾಡುವಾಗ ಅದನ್ನೇ ಅವಳಿಗೆ ಹೇಳಿದೆ.

"ಆ ಸಿಟ್ಟು ನಿನ್ನದು," ಎಂದಳು ಅವಳು, ಬೆಲ್ಟ್ ಹಾಕಿಕೊಳ್ಳುತ್ತ. "ನನ್ನ ಜೊತೆ ಆ ರಸ್ತೆಗೆ ಅದನ್ನು ತರಬೇಡ."